ನೋವು ನಿಂತ ಹಲ್ಲಿಗೂ ಹೊದಿಕೆ ಬೇಕು



ಮನೆಮಂದಿಯ ಆರೋಗ್ಯಕ್ಕೆ ಸಂಬಂಧಿಸಿದ ಒಂದೊಂದು ವಿಷಯವನ್ನು ಈ ಅಂಕಣದಲ್ಲಿ ತಿಂಗಳಿಗೊಮ್ಮೆ ತಮ್ಮ ಮುಂದಿಡುತ್ತ ಬಂದಿದ್ದೇವೆ. ಈ ಸಲ ಆರಿಸಿಕೊಂಡ ವಿಷಯ ಗಾತ್ರದಲ್ಲಿ ಒಂದು ದವಡೆ ಹಲ್ಲಿನಷ್ಟೇ ಚಿಕ್ಕದು. ಆದರೆ ಅದನ್ನು ಅಲಕ್ಷಿಸಿ ಸ್ವತಃ ನಾವೇ ಒಂದು ಹಲ್ಲನ್ನು ಕಳೆದುಕೊಂಡಿದ್ದೇವೆ. ನಮ್ಮ ತಪ್ಪು ಓದುಗರ ಮನೆಗಳಲ್ಲಿ ಮರುಕಳಿಸದಿರಲಿ ಎಂಬ ಆಶಯದಿಂದ ಸಂಕೋಚವನ್ನು ಬದಿಗಿಟ್ಟು ಬರೆಯುತ್ತಿದ್ದೇವೆ.

ಮೂರು ವರ್ಷಗಳ ಹಿಂದಿನ ಮಾತು. ನಮ್ಮ ಕೆಳದವಡೆಯ ಬಲಭಾಗದ ಹಲ್ಲೊಂದು ಹುಳುಕು ಹಿಡಿದು, ರಾತ್ರಿಯೆಲ್ಲ ನಿದ್ರೆಗೆಡಿಸಿತು. ಲವಂಗ ಒತ್ತಿದೆವು, ಉಪ್ಪುನೀರು ಮುಕ್ಕಳಿಸಿದೆವು. ನಾಲ್ಕನೆಯ ದಿನ ತಾಳಲಾರದೆ ಕೊಂಕಲ್‌ನಿಂದ ಬಸ್ಸು ಹತ್ತಿ ಪಟ್ಟಣದ ದಂತವೈದ್ಯರ ಬಳಿಗೆ ಹೋದೆವು. ಅವರು ಮೂರು ಸಲ ಕರೆಸಿಕೊಂಡು ರೂಟ್ ಕೆನಾಲ್ ಚಿಕಿತ್ಸೆ ಮಾಡಿ, ಮೇಲೆ ತಾತ್ಕಾಲಿಕವಾಗಿ ಸಿಮೆಂಟು ತುಂಬಿ, "ಮಾಸ್ತರ, ಇದು ಅರ್ಧ ಕೆಲಸ ಆತು. ಹದಿನೈದು ದಿನದೊಳಗ ಬಂದು ಕ್ಯಾಪ್ ಹಾಕಿಸ್ಕೋರಿ. ಮರೀಬ್ಯಾಡ್ರಿ" ಎಂದು ಎರಡು ಸಲ ಹೇಳಿ ಕಳುಹಿಸಿದರು.

ನಾವು ಮರೆಯಲಿಲ್ಲ, ಮುಂದೂಡಿದೆವು. ನೋವು ಹೋಗಿತ್ತು. ಬಿತ್ತನೆ ಬಂತು, ಮನೆಯಲ್ಲೊಂದು ಮದುವೆ ಬಂತು, ಖರ್ಚಿನ ಮೇಲೆ ಖರ್ಚು ಬಂತು. "ನೋವ ಇಲ್ಲಂದಮ್ಯಾಲ ಮತ್ಯಾಕ ರೊಕ್ಕ ಹಾಕೋದು?" ಎಂಬ ಮಾತು ಮನೆಯಲ್ಲಿಯೂ ಕೇಳಿತು, ನಮ್ಮ ಮನಸ್ಸಿನಲ್ಲಿಯೂ ಕೇಳಿತು. ಹೀಗೆ ಹನ್ನೊಂದು ತಿಂಗಳು ಕಳೆದವು. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಜೋಳದ ಬೆಳೆಯ ನಡುವೆ ಮನೆಮಂದಿಯೆಲ್ಲ ಊಟಕ್ಕೆ ಕುಳಿತಿದ್ದೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ತುಣುಕನ್ನು ಭಜ್ಜಿಯೊಡನೆ ಬಾಯಿಗಿಟ್ಟು ಜಗಿದಾಗ ಬಲದವಡೆಯಲ್ಲಿ 'ಟಕ್' ಎಂಬ ಸದ್ದಾಯಿತು. ಕಲ್ಲು ಸಿಕ್ಕಿತೆಂದುಕೊಂಡೆವು. ಸಿಕ್ಕಿದ್ದು ಕಲ್ಲಲ್ಲ, ನಮ್ಮದೇ ಹಲ್ಲಿನ ಹೋಳು. ಮರುದಿನ ವೈದ್ಯರು ಎಕ್ಸ್-ರೇ ತೆಗೆದು, ಕನ್ನಡಿ ಹಿಡಿದು ಪರೀಕ್ಷಿಸಿದರು. ಹಲ್ಲು ಮೇಲಿನಿಂದ ಬೇರಿನವರೆಗೆ ಉದ್ದಕ್ಕೆ ಸೀಳಿತ್ತು. ಅದನ್ನು ಕೀಳದೆ ಗತ್ಯಂತರವಿರಲಿಲ್ಲ. ಅವರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಮಗೆ ಇಷ್ಟು ನೋವಾಗುತ್ತಿರಲಿಲ್ಲ.

ಅಂದಿನಿಂದ ಈ ವಿಷಯವನ್ನು ಕುರಿತು ಬಲ್ಲವರನ್ನು ಕೇಳಿ, ಓದಿ, ತಿಳಿದುಕೊಂಡೆವು. ತಿಳಿದುದರ ಸಾರವನ್ನು ಇಲ್ಲಿ ನಿವೇದಿಸುತ್ತೇವೆ.

ಮೊದಲು ರೂಟ್ ಕೆನಾಲ್ ಎಂದರೇನು ಎಂಬುದನ್ನು ನೋಡೋಣ. ಹಲ್ಲಿನ ಹೊರಗವಚ ದಂತಕವಚ ಅಥವಾ ಎನಾಮೆಲ್. ಅದರ ಒಳಗಿನ ದಪ್ಪ ಪದರ ದಂತದ್ರವ್ಯ ಅಥವಾ ಡೆಂಟಿನ್. ಅದರ ನಡುವೆ ರಕ್ತನಾಳ, ನರಗಳಿಂದ ಕೂಡಿದ ಮೆದುವಾದ ತಿರುಳು. ಈ ತಿರುಳು ಬೇರಿನ ಸಣ್ಣ ನಾಳಗಳ ಮೂಲಕ ದವಡೆಯ ಎಲುಬಿನವರೆಗೆ ಇಳಿದಿರುತ್ತದೆ. ಹುಳುಕು ಆಳಕ್ಕಿಳಿದು ತಿರುಳನ್ನು ಮುಟ್ಟಿದಾಗ ಅಲ್ಲಿ ಸೋಂಕು ತಗಲಿ ನೋವು, ಬಾವು ಕಾಣಿಸಿಕೊಳ್ಳುತ್ತವೆ. ವೈದ್ಯರು ಹಲ್ಲಿನ ಮೇಲ್ಭಾಗದಲ್ಲಿ ರಂಧ್ರ ತೆರೆದು, ಕೆಟ್ಟ ತಿರುಳನ್ನು ತೆಗೆದು, ನಾಳಗಳನ್ನು ತೊಳೆದು ಅಗಲಿಸಿ, ಗಟ್ಟಾಪರ್ಚ ಎಂಬ ಒಂದು ಬಗೆಯ ಮರದ ಹಾಲಿನಿಂದ ತಯಾರಾದ ವಸ್ತುವನ್ನು ತುಂಬಿ ಮುಚ್ಚುತ್ತಾರೆ. ನೋವಿನ ಮೂಲವೇ ಹೋದ ಮೇಲೆ ನೋವು ಇರದು. ಆದರೆ ಹಲ್ಲು ಮೊದಲಿನಂತೆ ಇರದು.

ಏಕೆ ಇರದು? "ತಿರುಳು ತೆಗೆದ ಹಲ್ಲು ಒಣಗಿದ ಕಟ್ಟಿಗೆಯಂತಾಗಿ ಮುರಿಯುತ್ತದೆ" ಎಂದು ಹಿಂದೆ ಹೇಳುತ್ತಿದ್ದರು. ಇದು ಪೂರ್ಣ ಸತ್ಯವಲ್ಲ. ಚಿಕಿತ್ಸೆಯಾದ ಹಲ್ಲಿನ ದಂತದ್ರವ್ಯಕ್ಕೂ ಜೀವಂತ ಹಲ್ಲಿನ ದಂತದ್ರವ್ಯಕ್ಕೂ ಗಡಸಿನಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲವೆಂದು 1992ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿಕೊಟ್ಟಿತು. ಹಲ್ಲು ದುರ್ಬಲವಾಗುವುದು ಮುಖ್ಯವಾಗಿ ಒಣಗಿದ್ದರಿಂದಲ್ಲ, ಅದರ ಗೋಡೆಗಳು ಹೋದುದರಿಂದ. 1989ರಲ್ಲಿ ಅಮೆರಿಕದ ಸಂಶೋಧಕರು ಕಿತ್ತ ಹಲ್ಲುಗಳ ಮೇಲೆ ಒತ್ತಡ ಹೇರಿ ಅಳೆದು ನೋಡಿದರು. ರೂಟ್ ಕೆನಾಲಿಗಾಗಿ ತೆರೆದ ರಂಧ್ರವೊಂದರಿಂದಲೇ ಹಲ್ಲಿನ ಬಿಗಿ ಕುಗ್ಗಿದ್ದು ಕೇವಲ 5 ಪ್ರತಿಶತ. ಮೇಲ್ಮೈಯಲ್ಲಿ ಕುಳಿ ಕೊರೆದರೆ 20 ಪ್ರತಿಶತ. ಆದರೆ ಮುಂದಿನ ಮತ್ತು ಹಿಂದಿನ ಅಂಚುಗಳೆರಡೂ ಹೋಗುವಂತೆ ಕುಳಿಯಾದರೆ ಕುಗ್ಗಿದ್ದು 63 ಪ್ರತಿಶತ!

ಈ ಲೆಕ್ಕವನ್ನು ಒಂದು ಮನೆಯ ದೃಷ್ಟಾಂತದಿಂದ ತಿಳಿಯಬಹುದು. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ತೆರೆದರೆ ಮನೆಗೆ ಅಪಾಯವಿಲ್ಲ. ಎದುರುಬದುರಿನ ಎರಡು ಗೋಡೆಗಳನ್ನು ಕೆಡವಿದರೆ ಉಳಿದ ಎರಡು ಗೋಡೆಗಳು ಎಷ್ಟು ದಿನ ನಿಂತಾವು? ಹುಳುಕು ಎರಡು ಹಲ್ಲುಗಳ ಸಂದಿಯಲ್ಲಿ ಹುಟ್ಟಿದರೆ ಅದು ತಿನ್ನುವುದೇ ಆ ಅಂಚಿನ ಗೋಡೆಗಳನ್ನು. ರೂಟ್ ಕೆನಾಲಿನವರೆಗೆ ಬಂದ ಹಲ್ಲು ಬಹುಪಾಲು ಗೋಡೆ ಕಳೆದುಕೊಂಡ ಮನೆಯೇ ಆಗಿರುತ್ತದೆ. ಕೆನ್ನೆಯ ಕಡೆಯ ಮತ್ತು ನಾಲಗೆಯ ಕಡೆಯ ಗೋಡೆಗಳು ಒಂಟಿಯಾಗಿ ನಿಂತು, ಪ್ರತಿ ಜಗಿತಕ್ಕೂ ಕೂದಲೆಳೆಯಷ್ಟು ಹೊರಕ್ಕೆ ಬಾಗಿ ಮರಳುತ್ತಿರುತ್ತವೆ. ಸಾವಿರಾರು ಸಲ ಬಾಗಿದ ಮೇಲೆ ಒಂದು ದಿನ, ಒಂದು ರೊಟ್ಟಿಯ ತುಣುಕು ನೆಪವಾಗುತ್ತದೆ.

ಇನ್ನೊಂದು ಕಾರಣವೂ ಉಂಟು. ತಿರುಳು ತೆಗೆದ ಹಲ್ಲು ತನ್ನ ಮೇಲೆ ಬಿದ್ದ ಭಾರವನ್ನು ತಡವಾಗಿ ಅರಿಯುತ್ತದೆ. 1986ರ ಒಂದು ಪ್ರಯೋಗದಲ್ಲಿ, ಜೀವಂತ ಹಲ್ಲು 'ಸಾಕು' ಎನ್ನುವ ಭಾರಕ್ಕಿಂತ ಸುಮಾರು ಎರಡು ಪಟ್ಟು ಭಾರ ಬಿದ್ದ ಮೇಲೆಯೇ ಚಿಕಿತ್ಸೆಯಾದ ಹಲ್ಲು ಅದನ್ನು ತಿಳಿಸಿತೆಂದು ಕಂಡುಬಂತು. ಕಾವಲುಗಾರನಿಲ್ಲದ ಮನೆಯ ಸ್ಥಿತಿ ಇದು. ದವಡೆ ಹಲ್ಲುಗಳು ಸಾಧಾರಣ ಊಟದಲ್ಲಿ ಸುಮಾರು 7ರಿಂದ 15 ಕಿಲೋ ಭಾರದಷ್ಟು ಬಲದಿಂದ ಜಗಿಯುತ್ತವೆ. ಬಿಗಿದು ಕಚ್ಚಿದಾಗ ಈ ಬಲ 50 ಕಿಲೋ ದಾಟುವುದುಂಟು. ಕಟಿರೊಟ್ಟಿ, ಹುರಿಗಡಲೆ, ಶೇಂಗಾ, ಕಬ್ಬುಗಳ ನಾಡಿನವರಾದ ನಾವು ಈ ಬಲವನ್ನು ದಿನವೂ ಬಳಸುವವರು.

ಹಾಗಾದರೆ ಚಿಕಿತ್ಸೆಯಾದ ಪ್ರತಿ ಹಲ್ಲಿಗೂ ಹೊದಿಕೆ, ಅಂದರೆ ಕ್ಯಾಪ್, ಬೇಕೇ? ಇಲ್ಲ. 1984ರಲ್ಲಿ ಸಾವಿರಕ್ಕೂ ಹೆಚ್ಚು ಹಲ್ಲುಗಳನ್ನು ಪರಿಶೀಲಿಸಿದ ಅಧ್ಯಯನವೊಂದರಲ್ಲಿ, ಕ್ಯಾಪಿನ ಪ್ರಯೋಜನ ಸ್ಪಷ್ಟವಾಗಿ ಕಂಡದ್ದು ಜಗಿಯುವ ಹಲ್ಲುಗಳಲ್ಲಿ. ಮುಂದಿನ ಹಲ್ಲುಗಳಲ್ಲಿ ಅಂಥ ಪ್ರಯೋಜನ ಕಾಣಲಿಲ್ಲ. ಆದ್ದರಿಂದ ಮುಂದಿನ ಹಲ್ಲು ಬಹುಪಾಲು ಗಟ್ಟಿಯಾಗಿದ್ದು, ಹಿಂಬದಿಯ ರಂಧ್ರವೊಂದೇ ಇದ್ದರೆ ಹಲ್ಲಿನ ಬಣ್ಣದ ರಾಳವನ್ನು ತುಂಬಿದರೆ ಸಾಕಾಗಬಹುದು. ಜಗಿಯುವ ಹಲ್ಲುಗಳ ಮಾತು ಬೇರೆ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಪರಿಶೀಲನೆಯೊಂದರ ಪ್ರಕಾರ, ರೂಟ್ ಕೆನಾಲಿನ ನಂತರ ಕ್ಯಾಪ್ ಹಾಕಿಸದ ಹಲ್ಲುಗಳು ಕ್ಯಾಪ್ ಹಾಕಿಸಿದವುಗಳಿಗಿಂತ ಆರು ಪಟ್ಟು ವೇಗದಲ್ಲಿ ನಷ್ಟವಾಗಿದ್ದವು. ನಮ್ಮ ಹಲ್ಲು ಆ ಲೆಕ್ಕದಲ್ಲಿ ಒಂದು ಸಂಖ್ಯೆಯಾಗಿ ಸೇರಲಿಲ್ಲ, ಅಷ್ಟೆ.

ತಾತ್ಕಾಲಿಕ ಸಿಮೆಂಟಿನ ಬಗ್ಗೆಯೂ ಒಂದು ಮಾತು. ಹೆಸರೇ ಹೇಳುವಂತೆ ಅದು ತಾತ್ಕಾಲಿಕ. ಕೆಲವು ವಾರಗಳಲ್ಲಿ ಅದು ಸವೆದು, ಅಂಚಿನಲ್ಲಿ ಬಿರುಕು ಬಿಟ್ಟು, ಎಂಜಲು ಒಳಗಿಳಿಯಲು ದಾರಿಯಾಗುತ್ತದೆ. ಎಂಜಲಿನೊಡನೆ ರೋಗಾಣುಗಳೂ ಇಳಿದು, ತೊಳೆದು ಮುಚ್ಚಿದ ನಾಳ ಮತ್ತೆ ಕೆಡುತ್ತದೆ. ಬೇರಿನ ಒಳಗಿನ ಕೆಲಸ ಎಷ್ಟು ಮುಖ್ಯವೋ ಮೇಲಿನ ಮುಚ್ಚಳವೂ ಅಷ್ಟೇ ಮುಖ್ಯ.

ಇನ್ನು ಹೊದಿಕೆ ಯಾವುದರಿಂದ ಆಗಬೇಕು ಎಂಬ ಪ್ರಶ್ನೆ. ಈ ಪ್ರಶ್ನೆ ನಮ್ಮ ಮನೆಯಲ್ಲಿ ಮತ್ತೊಮ್ಮೆ ಎದ್ದದ್ದು ಕಳೆದ ವರ್ಷ. ನಮ್ಮ ಮನೆಯವರ ಎಡದವಡೆಯ ಹಲ್ಲಿಗೆ ರೂಟ್ ಕೆನಾಲ್ ಆಯಿತು. ಈ ಸಲ ನಾವು ತಡಮಾಡಲಿಲ್ಲ. ಎರಡನೆಯ ವಾರದಲ್ಲಿಯೇ ಕಲಬುರಗಿಗೆ ಹೋಗಿ ದಂತ ಮಹಾವಿದ್ಯಾಲಯದ ಆಸ್ಪತ್ರೆಯೊಂದರಲ್ಲಿ ತೋರಿಸಿದೆವು. ಕುಳಿತ ಕೂಡಲೆ ನಾವು ಕೇಳಿದ್ದು ಒಂದೇ ಮಾತು: "ಡಾಕ್ಟರೇ, ಎಲ್ಲದಕ್ಕಿಂತ ಗಟ್ಟಿ ಯಾವುದೋ ಅದನ್ನೇ ಹಾಕಿ." ವೈದ್ಯೆ ನಕ್ಕು, "ಸರ, ಕ್ಯಾಪಿನ ಗಟ್ಟಿತನ ಆಮ್ಯಾಲ ನೋಡೂಣು. ಮೊದಲ ಅಮ್ಮಾರ ಹಲ್ಲು ಎಷ್ಟು ಉಳದದ ನೋಡ್ತೀನಿ. ತಳ ಇಲ್ಲಂದ್ರ ಮ್ಯಾಲಿಂದು ಎಷ್ಟು ಗಟ್ಟಿ ಇದ್ರೇನ್ರೀ?" ಎಂದರು. ಈ ಒಂದು ಮಾತಿನಲ್ಲಿ ಇಂದಿನ ಲೇಖನದ ಸಾರವೆಲ್ಲ ಅಡಗಿದೆ.

ಓದುಗರಿಗೆ ಒನಕೆಯ ನೆನಪಿರಬಹುದು. ಕುಟ್ಟುವ ಒನಕೆಯ ತುದಿಗೆ ಕಬ್ಬಿಣದ ಬಳೆಯೊಂದನ್ನು ಬಿಗಿದಿರುತ್ತಾರೆ. ಆ ಬಳೆ ಕುಟ್ಟುವುದಕ್ಕಿಂತ ಹೆಚ್ಚಾಗಿ ಕಟ್ಟಿಗೆ ಸೀಳದಂತೆ ಹಿಡಿದಿಡುತ್ತದೆ. ಬಳೆ ಹಿಡಿಯಬೇಕಾದರೆ ಅದರೊಳಗೆ ಗಟ್ಟಿ ಕಟ್ಟಿಗೆ ಇರಬೇಕು. ಹಲ್ಲಿನ ಕ್ಯಾಪ್ ಮಾಡುವುದೂ ಇದೇ ಕೆಲಸ. ವಸಡಿನ ಮೇಲೆ ಸುತ್ತಲೂ ಒಂದೂವರೆಯಿಂದ ಎರಡು ಮಿಲಿಮೀಟರ್ ಎತ್ತರದ ಸ್ವಂತ ಹಲ್ಲು ಉಳಿದಿದ್ದು, ಕ್ಯಾಪಿನ ಅಂಚು ಅದನ್ನು ಬಳೆಯಂತೆ ಅಪ್ಪಿಕೊಂಡರೆ ಹಲ್ಲು ಸೀಳುವ ಭಯ ಬಹಳ ಕಡಿಮೆಯಾಗುತ್ತದೆ. ಎರಡು ಮಿಲಿಮೀಟರ್ ಎಂದರೆ ಎರಡು ಕಾಳು ಗಸಗಸೆಯಷ್ಟು ಎತ್ತರ. ಹಲ್ಲಿನ ಆಯುಷ್ಯ ಆ ಅಳತೆಯ ಮೇಲೆ ನಿಂತಿದೆ ಎಂದರೆ ಆಶ್ಚರ್ಯವಾಗುತ್ತದೆ. ಅಷ್ಟು ಉಳಿಯದಿದ್ದಾಗ ವಸಡನ್ನು ತುಸು ಕೆಳಸರಿಸುವ ಶಸ್ತ್ರಕ್ರಿಯೆ, ಅಥವಾ ಹಲ್ಲನ್ನು ನಿಧಾನವಾಗಿ ಮೇಲಕ್ಕೆಳೆಯುವ ಉಪಾಯಗಳಿವೆ. ಅವೂ ಸಾಧ್ಯವಾಗದಿದ್ದರೆ ಎಂಥ ಬೆಲೆಬಾಳುವ ಕ್ಯಾಪ್ ಹಾಕಿದರೂ ಅದು ಕೆಟ್ಟ ತಳಪಾಯದ ಮೇಲಿನ ಉಪ್ಪರಿಗೆಯಾದೀತು.

ಹಲ್ಲಿನ ಮೇಲ್ಭಾಗ ಬಹಳ ಹೋಗಿದ್ದರೆ ಬೇರಿನೊಳಗೆ ಒಂದು ಕಡ್ಡಿಯನ್ನು ನಿಲ್ಲಿಸಿ, ಅದರ ಆಧಾರದ ಮೇಲೆ ಹಲ್ಲಿನ ಒಡಲನ್ನು ಕಟ್ಟಿ, ಆನಂತರ ಕ್ಯಾಪ್ ಹಾಕುವುದುಂಟು. ಈ ಕಡ್ಡಿಯನ್ನು ಪೋಸ್ಟ್ ಎನ್ನುತ್ತಾರೆ. ಪೋಸ್ಟ್ ಹಾಕಿದರೆ ಬೇರು ಗಟ್ಟಿಯಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅದು ಮೇಲಿನ ಕಟ್ಟಡವನ್ನು ಹಿಡಿದಿಡುವ ಗೂಟ, ಅಷ್ಟೇ. ಅದಕ್ಕಾಗಿ ಬೇರನ್ನು ಇನ್ನಷ್ಟು ಕೊರೆದರೆ ಬೇರು ತೆಳುವಾಗುತ್ತದೆ. ಬಹಳ ಬಿರುಸಾದ ಲೋಹದ ಪೋಸ್ಟಿಗೆ ಭಾರ ಬಿದ್ದಾಗ ಬೇರೇ ಸೀಳುವ ಸಂಭವ ಹೆಚ್ಚು. ಗಾಜಿನ ನಾರಿನ ಪೋಸ್ಟು ದಂತದ್ರವ್ಯದಂತೆಯೇ ತುಸು ಬಾಗುವುದರಿಂದ, ಕೆಟ್ಟರೂ ದುರಸ್ತಿಗೆ ಬರುವಂತೆ ಕೆಡುವುದು ಹೆಚ್ಚು. ಅಗತ್ಯವಿದ್ದಲ್ಲಿ ಮಾತ್ರ ಪೋಸ್ಟ್ ಎಂಬುದು ಈಗಿನ ಅಭಿಪ್ರಾಯ.

ಈಗ ಸಿರಾಮಿಕ್ ಕ್ಯಾಪುಗಳ ವಿಚಾರಕ್ಕೆ ಬರೋಣ. ಸಿರಾಮಿಕ್ ಎಂದರೆ ಪಿಂಗಾಣಿಯ ಬಳಗ. ಪಿಂಗಾಣಿಯಿಂದ ಹಲ್ಲಿನ ಹೊದಿಕೆ ಮಾಡುವ ವಿದ್ಯೆಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ದಂತವೈದ್ಯ ಚಾರ್ಲ್ಸ್ ಲ್ಯಾಂಡ್ ಬೆಳೆಸಿದರು. ಅದು ನೋಡಲು ಚೆಲುವಾಗಿತ್ತು, ಆದರೆ ಬೇಗ ಒಡೆಯುತ್ತಿತ್ತು. 1960ರ ದಶಕದಲ್ಲಿ ಲೋಹದ ಚಿಪ್ಪಿನ ಮೇಲೆ ಪಿಂಗಾಣಿಯನ್ನು ಬೇಯಿಸಿ ಕೂಡಿಸುವ ಪದ್ಧತಿ ಬಳಕೆಗೆ ಬಂತು. 1965ರಲ್ಲಿ ಇಂಗ್ಲೆಂಡಿನ ಮೆಕ್ಲೀನ್ ಮತ್ತು ಹ್ಯೂಸ್ ಎಂಬುವರು ಪಿಂಗಾಣಿಗೆ ಅಲ್ಯುಮಿನಾ ಸೇರಿಸಿ ಅದನ್ನು ಗಟ್ಟಿಗೊಳಿಸಿದರು. ಆಮೇಲಿನ ಅರುವತ್ತು ವರ್ಷಗಳಲ್ಲಿ ಈ ಪಿಂಗಾಣಿ ಬಹಳ ದೂರ ಬಂದಿದೆ.

ಸಿರಾಮಿಕ್ಕಿನ ಸ್ವಭಾವ ನಮ್ಮ ಭಾಗದವರಿಗೆ ಸುಲಭವಾಗಿ ತಿಳಿಯುತ್ತದೆ. ನಾವು ಶಹಾಬಾದ್ ಫರಸಿಯ ಮೇಲೆ ನಡೆದು ಬೆಳೆದವರು. ಕೆಳಗೆ ಗಟ್ಟಿಯಾಗಿ ಗಾರೆ ತುಂಬಿ ಕೂಡಿಸಿದ ಫರಸಿಯ ಮೇಲೆ ಜೋಳದ ಚೀಲಗಳನ್ನು ಒಟ್ಟಿದರೂ ಅದಕ್ಕೇನೂ ಆಗದು. ಅದೇ ಕಲ್ಲಿನ ಕೆಳಗೆ ಟೊಳ್ಳು ಉಳಿದಿದ್ದರೆ, ಒಂದು ಕೊಡ ಜಾರಿ ಬಿದ್ದರೂ ಅದು ಸೀಳುತ್ತದೆ. ಕಲ್ಲು ಅದೇ, ಆಧಾರ ಬೇರೆ. ಸಿರಾಮಿಕ್ ಕೂಡ ಒತ್ತುವ ಭಾರವನ್ನು ಚೆನ್ನಾಗಿ ತಾಳುತ್ತದೆ. ಬಾಗಿಸುವ, ಎಳೆಯುವ ಭಾರವನ್ನು ತಾಳದು. ಬಿರುಕು ಹುಟ್ಟುವುದು ಬಹುಮಟ್ಟಿಗೆ ನಮ್ಮ ಕಣ್ಣಿಗೆ ಬೀಳದ ಒಳಮೈಯಲ್ಲಿ. ಆದುದರಿಂದ ಅದು ಬಾಗದಂತೆ ಕೆಳಗಿನಿಂದ ಪೂರ್ಣ ಆಧಾರ ಬೇಕು, ಹಲ್ಲಿಗೆ ಚೆನ್ನಾಗಿ ಅಂಟಿರಬೇಕು, ದಪ್ಪ ಸಾಕಷ್ಟಿರಬೇಕು. ಚಪ್ಪಡಿಯ ದಪ್ಪವನ್ನು ಅರ್ಧಕ್ಕಿಳಿಸಿದರೆ ಅದರ ತಾಳಿಕೆ ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ.

ಬಾಗುವಿಕೆಯನ್ನು ತಡೆಯುವ ಈ ಬಲವನ್ನು ಮೆಗಾಪಾಸ್ಕಲ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಒಂದು ಮೆಗಾಪಾಸ್ಕಲ್ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 10 ಕಿಲೋ. ಹಳೆಯ ಬಗೆಯ ಪಿಂಗಾಣಿಯ ಬಲ ಹೆಚ್ಚೆಂದರೆ 100ರ ಆಸುಪಾಸು. ಲಿಥಿಯಂ ಡೈಸಿಲಿಕೇಟ್ ಎಂಬ ಗಾಜು-ಸಿರಾಮಿಕ್ಕಿನದು 360ರಿಂದ 400. ಜಿರ್ಕೋನಿಯಾದ ಗಟ್ಟಿ ಬಗೆಯದು 900ರಿಂದ 1200. ಜಿರ್ಕೋನಿಯಾಕ್ಕೆ ಈ ಬಲ ಬಂದ ಬಗೆ ಕುತೂಹಲಕರವಾಗಿದೆ. ಅದರೊಳಗೆ ಬಿರುಕೊಂದು ಹೊರಟರೆ, ಬಿರುಕಿನ ತುದಿಯಲ್ಲಿರುವ ಹರಳುಗಳು ರೂಪ ಬದಲಿಸಿ ತುಸು ಉಬ್ಬಿಕೊಂಡು ಬಿರುಕನ್ನು ಹಿಸುಕಿ ನಿಲ್ಲಿಸುತ್ತವೆ. ಇದನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು 1975ರಲ್ಲಿ ವಿವರಿಸಿದಾಗ, ಇದು ಸಿರಾಮಿಕ್ ಜಗತ್ತಿನ ಉಕ್ಕೇ ಎಂದು ಕೇಳಿದ್ದರು.

ಹಾಗಿದ್ದರೆ ಎಲ್ಲರೂ ಜಿರ್ಕೋನಿಯಾವನ್ನೇ ಹಾಕಿಸಬಹುದಲ್ಲ ಎಂದು ಓದುಗರು ಕೇಳಬಹುದು. ನಾವೂ ಕೇಳಿದೆವು. ಅಂಕೆಯೊಂದನ್ನೇ ನೋಡಿ ನಿರ್ಣಯಿಸುವಂತಿಲ್ಲ ಎಂಬುದಕ್ಕೆ ಮೂರು ಕಾರಣಗಳು ತಿಳಿದುಬಂದವು.

ಮೊದಲನೆಯದು, ಅಂಟುವಿಕೆ. ಲಿಥಿಯಂ ಡೈಸಿಲಿಕೇಟಿನ ಒಳಮೈಯನ್ನು ಆಮ್ಲದಿಂದ ಕೊರೆದು ತರಿಯಾಗಿಸಿ, ಹಲ್ಲಿಗೆ ರಾಳದಿಂದ ಒಂದೇ ಮೈಯಂತೆ ಅಂಟಿಸಬಹುದು. ಗಾರೆಯ ಮೇಲೆ ಕುಳಿತ ಫರಸಿಯಂತೆ ಅದರ ಬಲ ಆಧಾರದಿಂದ ಹೆಚ್ಚುತ್ತದೆ. ಜಿರ್ಕೋನಿಯಾವನ್ನು ಆ ಆಮ್ಲ ಅಷ್ಟಾಗಿ ಕೊರೆಯದು. ಅದಕ್ಕೆ ಬೇರೆ ಬಗೆಯ ಲೇಪನ ಬೇಕು, ಇಲ್ಲವೆ ಹಲ್ಲಿನ ಎತ್ತರದ ಹಿಡಿತವನ್ನೇ ನಂಬಬೇಕು.

ಎರಡನೆಯದು, ಜಿರ್ಕೋನಿಯಾ ಎಂಬ ಹೆಸರಿನಲ್ಲಿಯೇ ಹಲವು ಬಗೆಗಳಿವೆ. ಹಲ್ಲಿನಂತೆ ಬೆಳಕು ಹಾಯಲೆಂದು ಯಿಟ್ರಿಯಾ ಎಂಬ ವಸ್ತುವನ್ನು ಹೆಚ್ಚಾಗಿ ಬೆರೆಸಿದ ಚೆಲುವಾದ ಬಗೆಗೆ, ಮೇಲೆ ಹೇಳಿದ ಗಟ್ಟಿ ಬಗೆಯಷ್ಟು ಬಲವಿರುವುದಿಲ್ಲ. ಮೊದಮೊದಲು ಬಂದ ಜಿರ್ಕೋನಿಯಾ ಕ್ಯಾಪುಗಳ ಮೇಲೆ ಪಿಂಗಾಣಿಯ ಪದರ ಬೇಯಿಸುತ್ತಿದ್ದರು. ಒಳಗಿನದು ಗಟ್ಟಿಯಾಗಿದ್ದರೂ ಮೇಲಿನ ಪದರ ಚಕ್ಕೆ ಏಳುತ್ತಿತ್ತು. ಈಗ ದವಡೆ ಹಲ್ಲುಗಳಿಗೆ ಪದರವಿಲ್ಲದ ಇಡಿಯ ಜಿರ್ಕೋನಿಯಾವನ್ನೇ ಹೆಚ್ಚಾಗಿ ಬಳಸುತ್ತಾರೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಕ್ಯಾಪ್ ಒಡೆದರೆ ಇನ್ನೊಂದು ಕ್ಯಾಪ್ ಮಾಡಿಸಬಹುದು. ಬೇರು ಸೀಳಿದರೆ ಇನ್ನೊಂದು ಬೇರು ಸಿಗದು. ಸುತ್ತ ಹಲ್ಲಿಲ್ಲದ ಬೇರಿನ ಮೇಲೆ ಉಕ್ಕಿನಂಥ ಟೋಪಿ ಇಟ್ಟರೆ, ಟೋಪಿ ಹಾಗೆಯೇ ಉಳಿದು ಬೇರು ಸೀಳುವುದುಂಟು. ಅಲ್ಲಿ ಗೆದ್ದದ್ದು ವಸ್ತು, ಸೋತದ್ದು ಹಲ್ಲು.

ಇಷ್ಟೆಂದ ಮಾತ್ರಕ್ಕೆ ಜಿರ್ಕೋನಿಯಾ ಬೇಡವೆಂದಲ್ಲ. ಅದಕ್ಕೆ ಒಂದು ದೊಡ್ಡ ಗುಣವುಂಟು. ಗಟ್ಟಿ ಬಗೆಯದನ್ನು ಒಂದು ಮಿಲಿಮೀಟರಿನಷ್ಟು, ಕೆಲವೊಮ್ಮೆ ಅದಕ್ಕೂ ತೆಳುವಾಗಿ ಮಾಡಬಹುದಾದ್ದರಿಂದ ಸ್ವಂತ ಹಲ್ಲನ್ನು ಕಡಿಮೆ ಉಜ್ಜಿದರೆ ಸಾಕು. ಉಳಿದ ಬಗೆಗಳಿಗೆ ಸಾಮಾನ್ಯವಾಗಿ ಒಂದೂವರೆ ಮಿಲಿಮೀಟರ್ ಜಾಗ ಬೇಕು. ಎದುರಿನ ಹಲ್ಲು ಸವೆಯುತ್ತದೆಂಬ ಭಯವೂ, ಅದನ್ನು ಕನ್ನಡಿಯಂತೆ ನುಣುಪಾಗಿ ತೀಡಿದ್ದರೆ, ಬಹುಮಟ್ಟಿಗೆ ನಿರಾಧಾರ. ತರಿಯಾಗಿ ಬಿಟ್ಟರೆ ಮಾತ್ರ ಸವೆಯುತ್ತದೆ. ಲೋಹದ ಮೇಲಿನ ಪಿಂಗಾಣಿಯನ್ನೂ ತಳ್ಳಿಹಾಕುವಂತಿಲ್ಲ. ವಸಡಿನ ಬಳಿ ಕಪ್ಪು ಗೆರೆ ಕಾಣಬಹುದು, ಪಿಂಗಾಣಿ ಚಕ್ಕೆ ಏಳಬಹುದು. ಆದರೂ ಅರ್ಧ ಶತಮಾನಕ್ಕೂ ಮೀರಿ ನಂಬಿಕೆ ಉಳಿಸಿಕೊಂಡ ಪದ್ಧತಿ ಅದು. ಹಲವಾರು ಅಧ್ಯಯನಗಳನ್ನು ಕೂಡಿಸಿ 2015ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಐದು ವರ್ಷಗಳ ನಂತರ ಲೋಹ-ಪಿಂಗಾಣಿಯ ಕ್ಯಾಪುಗಳಲ್ಲಿ ನೂರಕ್ಕೆ ಸುಮಾರು 95, ಬಲಪಡಿಸಿದ ಗಾಜು-ಸಿರಾಮಿಕ್ಕಿನವು ಸುಮಾರು 97, ಅಂದಿನ ಬಗೆಯ ಜಿರ್ಕೋನಿಯಾದವು ಸುಮಾರು 92 ಬಾಯಲ್ಲಿ ಉಳಿದಿದ್ದವು. ಬಲದ ಅಂಕೆಯಲ್ಲಿ ಮೂರು ಪಟ್ಟು ಮುಂದಿದ್ದ ವಸ್ತು ಬಾಯೊಳಗೆ ಮುಂದಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ನಮ್ಮ ಮನೆಯವರ ಹಲ್ಲಿನಲ್ಲಿ ಸುತ್ತಲೂ ಎರಡು ಮಿಲಿಮೀಟರಿಗೂ ಮಿಕ್ಕಿ ಗೋಡೆ ಉಳಿದಿತ್ತು. ಪೋಸ್ಟ್ ಬೇಡವೆಂದು ವೈದ್ಯೆ ನಿರ್ಣಯಿಸಿದರು. ಒಳಗಿನ ಕುಳಿಯನ್ನು ರಾಳದಿಂದ ತುಂಬಿ ಒಡಲು ಕಟ್ಟಿ, ಇಡಿಯ ಜಿರ್ಕೋನಿಯಾದ ಕ್ಯಾಪ್ ಕೂಡಿಸಿದರು. ಹಲ್ಲಿನ ಎತ್ತರ ಕಡಿಮೆಯಿದ್ದು, ಒಳಗಿನ ಕೋಣೆ ವಿಶಾಲವಾಗಿದ್ದರೆ, ಆ ಕೋಣೆಯೊಳಗೆ ಕಾಲೂರಿ ನಿಲ್ಲುವ ಒಂದೇ ತುಂಡಿನ 'ಎಂಡೋಕ್ರೌನ್' ಎಂಬ ಸಿರಾಮಿಕ್ ಹೊದಿಕೆಯೂ ದೊಡ್ಡ ದವಡೆ ಹಲ್ಲುಗಳಿಗೆ ಆಗುತ್ತದೆಂದು ತಿಳಿಸಿದರು. ಅದು 1990ರ ದಶಕದಲ್ಲಿ ಬಂದ ಉಪಾಯ. ಯಾರ ಹಲ್ಲಿಗೆ ಯಾವುದು ಎಂಬುದನ್ನು ಬಾಯಿ ನೋಡಿದ ವೈದ್ಯರೇ ಹೇಳಬೇಕು.

ನಮ್ಮ ಜಿಲ್ಲೆಗೆ ಸಂಬಂಧಿಸಿದ ಇನ್ನೊಂದು ಮಾತನ್ನು ಇಲ್ಲಿ ಸೇರಿಸಬೇಕು. ಯಾದಗಿರಿ, ಶಹಾಪುರ, ಸುರಪುರ ಭಾಗದ ಹಲವು ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಜಲಮೂಲವೇ ಇಲ್ಲದಾಗ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಎಳವೆಯಲ್ಲಿ ಇಂಥ ನೀರು ಕುಡಿದವರ ಹಲ್ಲುಗಳ ಮೇಲೆ ಬಿಳಿ ಅಥವಾ ಕಂದು ಕಲೆಗಳು ಮೂಡಿರುತ್ತವೆ. ಕಲೆಯಿದ್ದ ಮಾತ್ರಕ್ಕೆ ಹಲ್ಲು ಹುಳುಕಾಗಿಲ್ಲ. ಬಣ್ಣಕ್ಕೆ ಹೆದರಿ ಕೀಳಿಸಬೇಕಾಗಿಲ್ಲ. ಆದರೆ ಇಂಥ ದಂತಕವಚಕ್ಕೆ ರಾಳ ಅಂಟಿಸುವಾಗ ವೈದ್ಯರು ಹೆಚ್ಚಿನ ಎಚ್ಚರ ವಹಿಸಬೇಕಾಗುತ್ತದೆ. ಆದ್ದರಿಂದ ತಾವು ಬೆಳೆದ ಊರಿನ ನೀರಿನ ಸಂಗತಿಯನ್ನು ವೈದ್ಯರಿಗೆ ತಿಳಿಸುವುದು ಒಳ್ಳೆಯದು.

ಇನ್ನು ವೆಚ್ಚ. ನಮ್ಮ ಕುಟುಂಬಗಳು ಕ್ಯಾಪನ್ನು ಮುಂದೂಡುವುದು ಅಜ್ಞಾನದಿಂದ ಮಾತ್ರವಲ್ಲ, ಕೈಯಲ್ಲಿ ಹಣವಿಲ್ಲದೆಯೂ ಹೌದು. ಇದನ್ನು ನಾವು ಬಲ್ಲೆವು. ಹಣವಿಲ್ಲವೆಂದು ಹಲ್ಲನ್ನು ಬಯಲಿಗೆ ಬಿಡುವುದಕ್ಕಿಂತ, ಚಿಕಿತ್ಸೆ ಆರಂಭಿಸುವ ಮೊದಲೇ ರೂಟ್ ಕೆನಾಲ್ ಮತ್ತು ಕ್ಯಾಪ್ ಎರಡನ್ನೂ ಸೇರಿಸಿ ಒಟ್ಟು ಎಷ್ಟಾದೀತೆಂದು ಕೇಳಿಕೊಂಡು ಸಿದ್ಧರಾಗುವುದು ಮೇಲು. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ದಂತ ಮಹಾವಿದ್ಯಾಲಯ ಕಲಬುರಗಿಯಲ್ಲಿದೆ; ರಾಯಚೂರಿನಲ್ಲಿಯೂ ದಂತ ಮಹಾವಿದ್ಯಾಲಯಗಳಿವೆ. ಇಂಥ ಬೋಧಕ ಆಸ್ಪತ್ರೆಗಳಲ್ಲಿ ಖರ್ಚು ಸಾಮಾನ್ಯವಾಗಿ ಕಡಿಮೆ. ಸಮಯ ಹೆಚ್ಚು ಹಿಡಿಯಬಹುದು. ಅಷ್ಟಕ್ಕೂ ಆಗದಿದ್ದರೆ, ದುರ್ಬಲ ಮೊನೆಗಳನ್ನು ತಗ್ಗಿಸಿ ರಾಳದಿಂದ ಮುಚ್ಚಿಡಲು ವೈದ್ಯರನ್ನು ಕೇಳಬಹುದು. ಅದು ಕ್ಯಾಪಿಗೆ ಸಮವಲ್ಲ. ಬಯಲಿಗಿಂತ ಎಷ್ಟೋ ಮೇಲು.

ವೈದ್ಯರ ಬಳಿ ಕುಳಿತಾಗ ಸಂಕೋಚಪಡದೆ ಈ ಪ್ರಶ್ನೆಗಳನ್ನು ಕೇಳಬೇಕೆಂದು ನಮ್ಮ ವಿನಂತಿ. ಸುತ್ತಲೂ ಎಷ್ಟು ಹಲ್ಲು ಉಳಿದಿದೆ? ಪೋಸ್ಟ್ ಬೇಕೇ, ಏಕೆ ಬೇಕು? ಹಾಕುವ ಸಿರಾಮಿಕ್ ಯಾವ ಬಗೆಯದು? ಅದಕ್ಕೆ ನನ್ನ ಹಲ್ಲನ್ನು ಎಷ್ಟು ಉಜ್ಜಬೇಕಾಗುತ್ತದೆ? ಎಷ್ಟು ದಿನದೊಳಗೆ ಬರಬೇಕು? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಂದ ಬೇಸರಗೊಳ್ಳುವುದಿಲ್ಲ.

ಕ್ಯಾಪ್ ಹಾಕಿಸಿದ ಮೇಲೆ ಕರ್ತವ್ಯ ಮುಗಿಯಿತೆಂದು ತಿಳಿಯಬಾರದು. ಸಿರಾಮಿಕ್ಕಿಗೆ ಹುಳುಕಿಲ್ಲ, ಅದರ ಅಂಚಿನಲ್ಲಿರುವ ಹಲ್ಲಿಗೆ ಉಂಟು. ವಸಡಿನ ಅಂಚನ್ನು ದಿನಕ್ಕೆರಡು ಸಲ ಮೃದುವಾಗಿ ಉಜ್ಜಬೇಕು. ಹಲ್ಲುಗಳ ಸಂದಿಯನ್ನು ದಾರದಿಂದ ಶುಚಿಗೊಳಿಸಬೇಕು. ಗುಟ್ಕಾ, ಗಟ್ಟಿ ಅಡಿಕೆಗಳು ವಸಡಿಗೂ ಹಲ್ಲಿಗೂ ಕ್ಯಾಪಿಗೂ ಶತ್ರುಗಳು. ನಿದ್ರೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದವರು ರಾತ್ರಿ ಧರಿಸುವ ರಕ್ಷೆಯನ್ನು ಮಾಡಿಸಿಕೊಳ್ಳಬೇಕು. ಕ್ಯಾಪ್ ಸಡಿಲವಾಗಿ ಕಳಚಿದರೆ ಅಂಗಡಿಯ ಅಂಟಿನಿಂದ ಅಂಟಿಸಿಕೊಳ್ಳದೆ, ಅದನ್ನು ಡಬ್ಬಿಯಲ್ಲಿಟ್ಟು ವೈದ್ಯರ ಬಳಿಗೆ ಒಯ್ಯಬೇಕು. ಜಗಿದು ಬಿಡುವಾಗ ಚುಚ್ಚಿದಂತಾಗುವುದು, ವಸಡಿನ ಮೇಲೆ ಮೊಡವೆಯಂಥ ಗುಳ್ಳೆ ಏಳುವುದು ಒಳಗಿನ ತೊಂದರೆಯ ಸೂಚನೆಗಳು, ನೋವಿಲ್ಲವೆಂದು ಸುಮ್ಮನಿರಬಾರದು.

ನೋವು ಎಂಬುದು ಒಬ್ಬ ದೂತ. ದೂತ ಸುಮ್ಮನಾದರೆ ಸುದ್ದಿಯೇ ಇಲ್ಲವೆಂದು ನಾವು ತಿಳಿದುಬಿಟ್ಟೆವು. ನಮ್ಮಿಂದಾದ ತಪ್ಪು ಅದೊಂದೇ. ಈ ವರ್ಷದ ಎಳ್ಳಮಾವಾಸ್ಯೆಗೆ ನಮ್ಮ ಮನೆಯವರು ಎಡದವಡೆಯಲ್ಲಿ ಸಜ್ಜೆ ರೊಟ್ಟಿಯನ್ನು ನಿಶ್ಚಿಂತೆಯಿಂದ ಜಗಿದರು. ನಾವು ಬಲದವಡೆಯ ಖಾಲಿ ಜಾಗವನ್ನು ನಾಲಗೆಯಿಂದ ಸವರಿಕೊಂಡು, ರೊಟ್ಟಿಯನ್ನು ಭಜ್ಜಿಯಲ್ಲಿ ನೆನೆಸಿ ತಿಂದೆವು. ಈ ಅಂಕಣವನ್ನು ಓದುವ ಮನೆಗಳಲ್ಲಿ ಯಾರಾದರೂ ರೂಟ್ ಕೆನಾಲ್ ಮಾಡಿಸಿ ಹೊದಿಕೆಯನ್ನು ಮುಂದೂಡಿದ್ದರೆ, ಮುಂದಿನ ಹಬ್ಬ ಬರುವುದರೊಳಗೆ ಆ ಉಳಿದ ಅರ್ಧ ಕೆಲಸವನ್ನು ಮುಗಿಸಿಕೊಳ್ಳಲಿ ಎಂದು ಪ್ರಾರ್ಥಿಸುತ್ತೇವೆ.